ಹೆಡ್‌ಲೈಟ್ ದುರಸ್ತಿ: ಬಿಡಿಭಾಗ ಬದಲಿಸುವ ಮುನ್ನ ಕಾರಣದ ಶೋಧನೆ

ವಾರ್ಷಿಕ ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ ‘ವಾಹನ ನಿರ್ವಹಣಾ ವೆಚ್ಚ’ದ ಖಾತೆಯನ್ನು ಆಸಕ್ತಿಯಿಂದ ನೋಡುವವರು ವಿರಳ. ಡೀಸೆಲ್, ಟೈರು, ಆಯಿಲ್ ಬದಲಾವಣೆ, ವಿಮೆ ಇವುಗಳ ನಡುವೆ ‘ಎಲೆಕ್ಟ್ರಿಕಲ್ ಕೆಲಸ’ ಎಂಬ ಒಂದು ಸಾಲು ಬಂದು ಹೋಗುತ್ತದೆ. ಮೊತ್ತ ಸಣ್ಣದು, ಬಿಲ್ಲು ಇದೆ, ಸಹಿ ಇದೆ. ಕಣ್ಣು ಮುಂದಿನ ವೋಚರಿಗೆ ಸರಿಯುತ್ತದೆ. ಆದರೆ ಕರಾವಳಿಯ ಸಗಟು ವ್ಯಾಪಾರಿಯೊಬ್ಬರ ಪುಸ್ತಕಗಳಲ್ಲಿ, ಒಂದೇ ಸರಕು ವ್ಯಾನಿನ ಹೆಸರಿನಲ್ಲಿ, ಹತ್ತು ತಿಂಗಳೊಳಗೆ ‘ಹೆಡ್‌ಲೈಟ್ ಬಲ್ಬ್, ಬಲಗಡೆ’ ಎಂಬ ಬಿಲ್ಲು ನಾಲ್ಕು ಸಲ, ಐದನೆಯ ಸಲ ‘ಹೆಡ್‌ಲೈಟ್ ಪೂರ್ಣ ಸೆಟ್, ಬಲಗಡೆ’ ಎಂದು ₹4,850ರ ಬಿಲ್ಲು, ಅದಾದ ಆರು ವಾರಗಳಿಗೆ ಪುನಃ ಬಲ್ಬಿನ ಬಿಲ್ಲು ಕಂಡುಬಂದಿತು. ಆ ವ್ಯಾನು ವಾರದಲ್ಲಿ ಮೂರು ರಾತ್ರಿ ಶಿರಾಡಿ ಘಾಟಿಯ ಮಾರ್ಗವಾಗಿ ಸಕಲೇಶಪುರಕ್ಕೆ ಹೋಗಿಬರುವಂಥದು.

ಒಂದೇ ವೆಚ್ಚ ಒಂದೇ ಸ್ಥಳದಲ್ಲಿ ಪುನರಾವರ್ತನೆಗೊಂಡರೆ ಅದು ವೆಚ್ಚವಲ್ಲ, ಸಾಕ್ಷ್ಯ. ಹಣ ಕೊಟ್ಟದ್ದು ಬಲ್ಬಿಗೆ. ದೋಷ ಇದ್ದದ್ದು ಬೇರೆಡೆ. ಇಂತಹ ದೋಷವನ್ನು ಪತ್ತೆಹಚ್ಚುವ ಕ್ರಮವನ್ನು ವಾಹನ ಮಾಲೀಕರಾದ ಸದಸ್ಯರಿಗೆ ತಿಳಿಸುವುದು ಈ ಲೇಖನದ ಉದ್ದೇಶ. ಸದಸ್ಯರೆಲ್ಲರೂ ಮೆಕ್ಯಾನಿಕ್‌ಗಳಾಗಬೇಕೆಂದು ನನ್ನ ಆಶಯವಲ್ಲ. ಏನನ್ನು ಕೇಳಬೇಕು, ಯಾವ ಉತ್ತರವನ್ನು ಒಪ್ಪಬಾರದು ಎಂಬಷ್ಟು ತಿಳಿದಿದ್ದರೆ ಸಾಕು.

ಒಂದು ದೀಪ ಆರಿದರೆ ಏನಾಗುತ್ತದೆ

ಒಂದು ದೀಪ ಇದ್ದರೂ ದಾರಿ ಕಾಣುತ್ತದೆ ಎಂಬ ಸಮಾಧಾನ ನಮ್ಮ ಚಾಲಕರಲ್ಲಿ ಸಾಮಾನ್ಯ. ದಾರಿ ಕಾಣುವುದು ಅರ್ಧ ಪ್ರಯೋಜನ ಮಾತ್ರ. ಎದುರಿನವರಿಗೆ ನಾವು ಕಾಣುವುದು ಉಳಿದರ್ಧ. ಒಂದೇ ದೀಪದಿಂದ ಬರುವ ವಾಹನವನ್ನು ಎದುರಿನ ಚಾಲಕ ದ್ವಿಚಕ್ರ ವಾಹನವೆಂದೇ ಭಾವಿಸುತ್ತಾನೆ. ನಮ್ಮ ದೇಶದಲ್ಲಿ ರಸ್ತೆಯ ಎಡಗಡೆ ಚಲಿಸುವುದರಿಂದ ಬಲಗಡೆಯ ದೀಪ ರಸ್ತೆಯ ಮಧ್ಯರೇಖೆಯ ಕಡೆ ಇರುತ್ತದೆ. ಅದು ಆರಿದಾಗ ಎದುರಿನವನಿಗೆ ಕಾಣುವುದು ರಸ್ತೆಯ ಅಂಚಿನಲ್ಲಿ ಬರುತ್ತಿರುವ ಒಂದು ಮೋಟಾರ್ ಸೈಕಲ್. ಆ ಬೆಳಕಿನ ಪಕ್ಕದ ಕತ್ತಲಲ್ಲಿ ಒಂದೂವರೆ ಮೀಟರ್ ಅಗಲದ ಲೋಹದ ವಾಹನ ಇದೆಯೆಂದು ಅವನಿಗೆ ತಿಳಿಯುವುದಿಲ್ಲ. ಮಂಜು ಕವಿದ ಘಾಟಿಯ ತಿರುವಿನಲ್ಲಿ ಈ ತಪ್ಪು ಗ್ರಹಿಕೆಯನ್ನು ತಿದ್ದಿಕೊಳ್ಳಲು ಕಾಲಾವಕಾಶ ದೊರೆಯದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸೂರ್ಯಾಸ್ತದ ನಂತರ ದೀಪಗಳನ್ನು ಬೆಳಗಿಸಿಯೇ ವಾಹನ ನಡೆಸಬೇಕೆಂದು ವಿಧಿಸಿರುವುದು ದಂಡ ವಸೂಲಿಗಾಗಿಯಲ್ಲ.

ವಿದ್ಯುತ್ತಿನ ದಾರಿ

ಹೆಡ್‌ಲೈಟಿನ ವ್ಯವಸ್ಥೆ ಮೂಲತಃ ಸರಳ. ಬ್ಯಾಟರಿಯ ಧನ ತುದಿಯಿಂದ ಹೊರಟ ವಿದ್ಯುತ್ತು ಫ್ಯೂಸ್, ರಿಲೇ ಅಥವಾ ಸ್ವಿಚ್ಚು, ಬಲ್ಬಿನ ಹಿಂಬದಿಯ ಕಪ್ಲರ್ ಇವುಗಳನ್ನು ದಾಟಿ ಬಲ್ಬಿನ ತಂತುವನ್ನು ತಲುಪುತ್ತದೆ. ಅಲ್ಲಿಂದ ಅರ್ತ್ ತಂತಿಯ ಮೂಲಕ ವಾಹನದ ಲೋಹದ ದೇಹಕ್ಕೆ, ಆ ದೇಹದ ಮೂಲಕವೇ ಬ್ಯಾಟರಿಯ ಋಣ ತುದಿಗೆ ಮರಳುತ್ತದೆ. ಹೋಗುವ ದಾರಿಯಷ್ಟೇ ಮರಳುವ ದಾರಿಯೂ ಮುಖ್ಯ. ಖರ್ಚಿನ ಕಡೆಯನ್ನು ಬರೆದು ಜಮೆಯ ಕಡೆಯನ್ನು ಬಿಟ್ಟರೆ ತಾಳೆಪಟ್ಟಿ ಹೊಂದುವುದಿಲ್ಲ ಎಂಬುದನ್ನು ನಮ್ಮ ಗುಮಾಸ್ತರಿಗೆ ಹೇಳಬೇಕಾಗಿಲ್ಲ. ಆದರೂ ಗ್ಯಾರೇಜುಗಳಲ್ಲಿ ಮರಳುವ ದಾರಿಯನ್ನು ಪರೀಕ್ಷಿಸುವವರು ಕಡಿಮೆ. ಕೆಲವು ವಾಹನಗಳಲ್ಲಿ ಸ್ವಿಚ್ಚನ್ನು ಅರ್ತ್‌ನ ಕಡೆಯಲ್ಲೇ ಅಳವಡಿಸಿರುತ್ತಾರೆ. ಆದ್ದರಿಂದ ಅಳತೆಗೆ ತೊಡಗುವ ಮುನ್ನ ಆ ಮಾದರಿಯ ಕೈಪಿಡಿಯನ್ನು ನೋಡುವುದು ಕ್ಷೇಮ.

ಸಣ್ಣ ಕಾರುಗಳಲ್ಲಿಯೂ ಹಗುರ ಸರಕು ವಾಹನಗಳಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿರುವುದು ಎಚ್-4 ಎಂಬ ಹ್ಯಾಲೊಜನ್ ಬಲ್ಬ್. ಒಂದೇ ಗಾಜಿನೊಳಗೆ ಎರಡು ತಂತುಗಳು: ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55 ವ್ಯಾಟ್. ಹಿಂದೆ ಮೂರು ಪಿನ್ನುಗಳು: ಒಂದು ಹೈ, ಒಂದು ಲೋ, ಮೂರನೆಯದು ಎರಡಕ್ಕೂ ಸಮಾನವಾದ ಅರ್ತ್. 12 ವೋಲ್ಟಿನ ವಾಹನದಲ್ಲಿ 55 ವ್ಯಾಟಿನ ತಂತು ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಈ ಸಂಖ್ಯೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಮೊದಲು ಪ್ರಶ್ನೆ, ಆಮೇಲೆ ಸ್ಪ್ಯಾನರ್

ಬಾನೆಟ್ ತೆರೆಯುವ ಮುನ್ನವೇ ಅರ್ಧ ಶೋಧನೆಯನ್ನು ಮುಗಿಸಬಹುದು. ವಾಹನವನ್ನು ಗೋಡೆಯೆದುರು ನಿಲ್ಲಿಸಿ ಎರಡೂ ಬೀಮ್‌ಗಳನ್ನು ಒಂದರ ನಂತರ ಒಂದು ಹಾಕಿ ನೋಡಬೇಕು. ಒಂದು ಬದಿಯ ಒಂದೇ ಬೀಮ್ ಇಲ್ಲದಿದ್ದರೆ ಆ ಬಲ್ಬಿನ ಆ ತಂತು ಹೋಗಿರುವ ಸಂಭವವೇ ಹೆಚ್ಚು. ಒಂದು ಬದಿಯಲ್ಲಿ ಎರಡೂ ಬೀಮ್ ಇಲ್ಲದಿದ್ದರೆ ಆ ಬದಿಯ ಫ್ಯೂಸ್, ಕಪ್ಲರ್ ಅಥವಾ ಅರ್ತ್ ಮೇಲೆ ಸಂಶಯ. ಎರಡೂ ಬದಿಗಳು ಏಕಕಾಲಕ್ಕೆ ಆರಿದ್ದರೆ ಎರಡಕ್ಕೂ ಸಮಾನವಾದ ಭಾಗವನ್ನು, ಎಂದರೆ ರಿಲೇ, ಸ್ವಿಚ್ಚು, ಮುಖ್ಯ ಫ್ಯೂಸ್ ಇವುಗಳನ್ನು ನೋಡಬೇಕು.

ಇಲ್ಲೊಂದು ವಿನಾಯಿತಿ ಇದೆ. ಎರಡೂ ಲೋ ಬೀಮ್‌ಗಳು ‘ಒಮ್ಮೆಗೇ’ ಹೋದವು ಎಂದು ಚಾಲಕ ಹೇಳಿದಾಗ, ಬಹಳ ಸಲ ಮೊದಲನೆಯದು ಹೋಗಿ ವಾರಗಳೇ ಕಳೆದಿರುತ್ತವೆ. ಎರಡನೆಯದು ಹೋದಾಗಲಷ್ಟೇ ಅವನ ಗಮನಕ್ಕೆ ಬಂದಿರುತ್ತದೆ. ಒಂದೇ ದಿನ ಹಾಕಿದ ಎರಡು ಬಲ್ಬುಗಳ ಆಯುಸ್ಸು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಮುಗಿಯುವುದು ಸಹಜ. ರಿಲೇಗೆ ಹಣ ಕೊಡುವ ಮುನ್ನ ಎರಡೂ ಬಲ್ಬುಗಳನ್ನು ಕಣ್ಣಾರೆ ನೋಡುವುದು ಮೇಲು.

ದೀಪ ಪೂರ್ತಿ ಆರದೆ ಮಂಕಾಗಿ ಉರಿಯುತ್ತಿದ್ದರೆ ಅದು ಇನ್ನೊಂದು ಬಗೆಯ ಸುಳಿವು. ಸುಟ್ಟ ತಂತು ಮಂಕಾಗಿ ಉರಿಯಲಾರದು. ಒಂದು ಬದಿ ಕಂದು ಬಣ್ಣಕ್ಕೆ ತಿರುಗಿ, ಲೋ ಬೀಮ್ ಹಾಕಿದಾಗಲೂ ಡ್ಯಾಶ್‌ಬೋರ್ಡಿನ ಹೈ ಬೀಮ್ ಸೂಚಕದ ನೀಲಿ ದೀಪ ಕ್ಷೀಣವಾಗಿ ಮಿನುಗಿದರೆ ಆ ಬದಿಯ ಅರ್ತ್ ಕಡಿದಿದೆಯೆಂದು ತಿಳಿಯಬೇಕು. ಮರಳುವ ದಾರಿ ಕಾಣದ ವಿದ್ಯುತ್ತು ಪಕ್ಕದ ತಂತುವಿನ ಮೂಲಕ ಹಿಂದಕ್ಕೆ ನುಸುಳಿ ಬೇರೆ ದಾರಿ ಹುಡುಕುವುದರ ಚಿಹ್ನೆ ಇದು.

ಮೇಲೆ ಹೇಳಿದ ವ್ಯಾನಿನ ಚಾಲಕನನ್ನು ಕೇಳಿದಾಗ ಆತ ಕೊಟ್ಟ ಉತ್ತರ ಹೀಗಿತ್ತು: “ಬಲ್ಬ್ ಹಾಕಿದ ದಿವಸ ಚೆನ್ನಾಗಿಯೇ ಉರಿಯುತ್ತದೆ ಸಾರ್. ಒಂದು ತಿಂಗಳಾದ ಮೇಲೆ ಮಂಕಾಗುತ್ತದೆ. ಆಮೇಲೆ ಯಾವುದೋ ಹೊಂಡಕ್ಕೆ ಬಿದ್ದಾಗ ಆರಿ ಹೋಗುತ್ತದೆ.” ಈ ಮೂರು ವಾಕ್ಯಗಳಲ್ಲಿ ಇಡೀ ರೋಗಲಕ್ಷಣವಿತ್ತು. ಬಿಲ್ಲು ಬರೆದವರು ಈ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಬಲ್ಬು ಮತ್ತು ಫ್ಯೂಸ್

ಸ್ವಿಚ್ಚು ಆರಿಸಿ, ಬಲ್ಬು ತಣ್ಣಗಾದ ಬಳಿಕ ಕಪ್ಲರನ್ನು ಎಳೆದು, ರಬ್ಬರಿನ ಮುಸುಕನ್ನೂ ಸ್ಪ್ರಿಂಗ್ ಕ್ಲಿಪ್ಪನ್ನೂ ತೆಗೆದರೆ ಬಲ್ಬು ಕೈಗೆ ಬರುತ್ತದೆ. ತಂತು ಕಡಿದಿದ್ದರೆ ಬೆಳಕಿಗೆ ಹಿಡಿದಾಗ ಕಾಣುತ್ತದೆ. ಗಾಜಿನ ಒಳಭಾಗ ಕಪ್ಪಾಗಿದ್ದರೆ ಅದು ವಯಸ್ಸಾದ ಬಲ್ಬು. ಬಿಳಿ ಅಥವಾ ಹಳದಿ ಹೊಗೆ ಕವಿದಂತಿದ್ದರೆ ಗಾಜು ಬಿರಿದು ಗಾಳಿ ಒಳಹೊಕ್ಕಿದೆ ಎಂದರ್ಥ. ಆಗ ಹೊಸ ಬಲ್ಬು ಹಾಕುವುದರ ಜೊತೆಗೆ ನೀರು ಎಲ್ಲಿಂದ ಒಳಬರುತ್ತಿದೆ ಎಂಬುದನ್ನೂ ನೋಡಬೇಕು. ನಮ್ಮ ಮಳೆಗಾಲಕ್ಕೆ ಆ ರಬ್ಬರ್ ಮುಸುಕು ಬಹಳ ಮುಖ್ಯ. ಅದನ್ನು ಬಿಸಾಡಿ ಹಾಗೆಯೇ ಬಲ್ಬು ಸಿಕ್ಕಿಸುವ ಅಭ್ಯಾಸ ಕೆಲವೆಡೆ ಇದೆ.

ಕಣ್ಣಿಗೆ ಸರಿಯಾಗಿ ತೋರಿದ ಬಲ್ಬನ್ನು ಎರಡು ತಂತಿಗಳ ಮೂಲಕ ನೇರವಾಗಿ ಬ್ಯಾಟರಿಗೆ ಕೊಟ್ಟು ನೋಡಬೇಕು. ಉರಿದರೆ ಬಲ್ಬು ನಿರಪರಾಧಿ. ಎರಡು ನಿಮಿಷಗಳ ಈ ಪರೀಕ್ಷೆಯನ್ನು ಆ ವ್ಯಾನಿನ ವಿಷಯದಲ್ಲಿ ಐದು ಸಲವೂ ಮಾಡಿರಲಿಲ್ಲ. ತೆಗೆದ ಬಲ್ಬುಗಳೂ ಉಳಿದಿರಲಿಲ್ಲ; ಉಳಿದಿದ್ದರೆ ಅವುಗಳಲ್ಲಿ ಹೆಚ್ಚಿನವು ಇಂದಿಗೂ ಉರಿಯುತ್ತಿದ್ದವು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಫ್ಯೂಸನ್ನು ಬಣ್ಣದಿಂದ ಗುರುತಿಸಬಹುದು: 10 ಆಂಪಿಯರಿನದು ಕೆಂಪು, 15 ನೀಲಿ, 20 ಹಳದಿ. ಎಡ ಮತ್ತು ಬಲ ದೀಪಗಳಿಗೆ ಪ್ರತ್ಯೇಕ ಫ್ಯೂಸ್‌ಗಳಿರುವುದು ವಾಡಿಕೆ. ಸುಟ್ಟ ಫ್ಯೂಸಿನ ಸ್ಥಳದಲ್ಲಿ ಅಷ್ಟೇ ಆಂಪಿಯರಿನದನ್ನು ಹಾಕಬೇಕು. ಅದೂ ಕೂಡಲೇ ಸುಟ್ಟರೆ ಎಲ್ಲಿಯೋ ತಂತಿ ಸವೆದು ವಾಹನದ ದೇಹಕ್ಕೆ ತಗಲುತ್ತಿದೆ. ಆಗ ಹೆಚ್ಚಿನ ಆಂಪಿಯರಿನ ಫ್ಯೂಸ್ ಹಾಕುವುದು ಅಥವಾ ತಾಮ್ರದ ತಂತಿ ಸುತ್ತುವುದು ವಾಹನಕ್ಕೆ ಬೆಂಕಿಯನ್ನು ಆಹ್ವಾನಿಸಿದಂತೆ.

ಮಲ್ಟಿಮೀಟರಿನ ಸಾಕ್ಷ್ಯ

ಬಲ್ಬು, ಫ್ಯೂಸ್ ಎರಡೂ ಸರಿಯಿದ್ದು ದೀಪ ಉರಿಯದಿದ್ದರೆ ಅಥವಾ ಮಂಕಾಗಿದ್ದರೆ ಊಹೆಯನ್ನು ನಿಲ್ಲಿಸಿ ಅಳತೆಗೆ ಬರಬೇಕು. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಗುಂಡಿಯನ್ನು ಡಿಸಿ 20 ವೋಲ್ಟಿಗೆ ತಿರುಗಿಸಬೇಕು.

ಇಲ್ಲಿ ಬಹುಮಂದಿ ಎಲೆಕ್ಟ್ರಿಷಿಯನ್ನರು ಎಡವುತ್ತಾರೆ. ಕಪ್ಲರನ್ನು ಕಳಚಿ, ಬರಿಯ ಪಿನ್ನುಗಳಿಗೆ ಮೀಟರ್ ಹಿಡಿದು, 12 ವೋಲ್ಟ್ ಬರುತ್ತಿದೆ, ಲೈನ್ ಸರಿಯಿದೆ ಎಂದು ತೀರ್ಮಾನಿಸುತ್ತಾರೆ. ಮೀಟರ್ ಎಳೆಯುವ ವಿದ್ಯುತ್ತು ಅತ್ಯಲ್ಪ. ತಂತಿಯ ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಪೂರ್ಣ ವೋಲ್ಟೇಜನ್ನು ತೋರಿಸುತ್ತದೆ. ಬಾಕಿ ದೃಢೀಕರಣ ಪತ್ರಕ್ಕೆ ಸಂತೋಷದಿಂದ ಸಹಿ ಹಾಕಿ, ಹಣ ಕೇಳಿದಾಗ ಕೈಚೆಲ್ಲುವ ಗಿರಾಕಿಯನ್ನು ನಮ್ಮ ಸದಸ್ಯರು ಬಲ್ಲರು. ವಿದ್ಯುತ್ತಿನ ವಿಷಯವೂ ಹಾಗೆಯೇ. ನಿಜವಾದ ಸ್ಥಿತಿ ತಿಳಿಯುವುದು 4.6 ಆಂಪಿಯರ್ ಕೊಡು ಎಂದು ಕೇಳಿದಾಗ. ಆದುದರಿಂದ ಬಲ್ಬನ್ನು ಜೋಡಿಸಿ, ದೀಪ ಹಾಕಿ, ಕಪ್ಲರಿನ ಹಿಂಬದಿಯಿಂದ ಮೀಟರಿನ ಮೊನೆಗಳನ್ನು ತೂರಿಸಿ ಅಳೆಯಬೇಕು.

ವ್ಯಾನಿನಲ್ಲಿ ಎಂಜಿನ್ ಚಾಲನೆಯಲ್ಲಿದ್ದಾಗ ದೊರೆತ ಅಂಕಿಗಳು ಇವು. ಬ್ಯಾಟರಿಯ ಎರಡು ತುದಿಗಳ ನಡುವೆ 13.6 ವೋಲ್ಟ್. ಬಲದೀಪದ ಲೋ ಮತ್ತು ಅರ್ತ್ ಪಿನ್ನುಗಳ ನಡುವೆ 11.2. ವ್ಯತ್ಯಾಸ 2.4 ವೋಲ್ಟ್. ತಾಳೆಪಟ್ಟಿಯ ವ್ಯತ್ಯಾಸವನ್ನು ಅಮಾನತು ಖಾತೆಗೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲವಾದ್ದರಿಂದ ದಾರಿಯನ್ನು ಭಾಗ ಮಾಡಿ ನೋಡಲಾಯಿತು. ಬ್ಯಾಟರಿಯ ಧನ ತುದಿಯಿಂದ ಲೋ ಪಿನ್ನಿನವರೆಗೆ ನಷ್ಟ 0.4 ವೋಲ್ಟ್, ಇದು ಸಹಜ, ಅರ್ಧ ವೋಲ್ಟಿನೊಳಗೆ ಇದ್ದರೆ ಆಕ್ಷೇಪವಿಲ್ಲ. ಅರ್ತ್ ಪಿನ್ನಿನಿಂದ ಬ್ಯಾಟರಿಯ ಋಣ ತುದಿಯವರೆಗೆ 2.0 ವೋಲ್ಟ್; ದೋಷ ಈ ಕಡೆ. ಇದನ್ನು ಮತ್ತೆ ಎರಡಾಗಿಸಿದಾಗ, ದೀಪದ ಬಳಿಯ ಲೋಹದ ದೇಹದಿಂದ ಋಣ ತುದಿಗೆ 0.1 ಮಾತ್ರ, ಅರ್ತ್ ಪಿನ್ನಿನಿಂದ ಆ ಲೋಹದ ದೇಹಕ್ಕೆ 1.9. ಉಳಿದದ್ದು ಒಂದು ಗೇಣು ತಂತಿ ಮತ್ತು ಅದರ ಎರಡು ತುದಿಗಳು.

ಕಪ್ಲರನ್ನು ಬಿಚ್ಚಿ ನೋಡಿದಾಗ ಅರ್ತ್ ಪಿನ್ನನ್ನು ಹಿಡಿಯುವ ಹಿತ್ತಾಳೆಯ ಹಿಡಿಕೆ ಸಡಿಲವಾಗಿ, ಕಾದು ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಕಂದುಗಟ್ಟಿತ್ತು. ಒಂದು ಸಂಧಿಯಲ್ಲಿ ಸುಮಾರು 2 ವೋಲ್ಟ್ ನಷ್ಟವಾಗುತ್ತಾ 4.5 ಆಂಪಿಯರ್ ಹರಿದರೆ ಆ ಚಿಕ್ಕ ಜಾಗದಲ್ಲಿ 9 ವ್ಯಾಟ್ ಶಾಖ ಹುಟ್ಟುತ್ತದೆ. ಶಾಖದಿಂದ ಹಿಡಿಕೆ ಇನ್ನಷ್ಟು ಸಡಿಲ, ಸಡಿಲದಿಂದ ಇನ್ನಷ್ಟು ಶಾಖ. ಬಡ್ಡಿಗೆ ಬಡ್ಡಿ ಬೆಳೆದಂತೆ.

ಹೊಸ ಬಲ್ಬು ಹಾಕಿದಾಗ ದೀಪ ಉರಿಯುತ್ತಿದ್ದುದೇಕೆ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಕಪ್ಲರನ್ನು ಎಳೆದು ಮತ್ತೆ ಒತ್ತುವಾಗ ಪಿನ್ನಿನ ಮೇಲಿನ ಕಿಲುಬು ಉಜ್ಜಿಹೋಗಿ ಸಂಪರ್ಕ ತಾತ್ಕಾಲಿಕವಾಗಿ ಸುಧಾರಿಸುತ್ತಿತ್ತು. ಕೀರ್ತಿ ಬಲ್ಬಿಗೆ ಸಲ್ಲುತ್ತಿತ್ತು. ಹಳೆಯ ಬಲ್ಬನ್ನೇ ತೆಗೆದು ಮರಳಿ ಹಾಕಿದ್ದರೂ ಅದು ಅಷ್ಟೇ ದಿನ ಉರಿಯುತ್ತಿತ್ತು. ಇನ್ನು ₹4,850ರ ಪೂರ್ಣ ಸೆಟ್ಟಿನಿಂದ ಪ್ರಯೋಜನವಾಗದ ಕಾರಣವೂ ಸ್ಪಷ್ಟ: ಕಪ್ಲರ್ ವಾಹನದ ವೈರಿಂಗಿನ ಭಾಗ, ಹೆಡ್‌ಲೈಟ್ ಸೆಟ್ಟಿನ ಭಾಗವಲ್ಲ. ಹೊಸ ಸೆಟ್ಟಿಗೆ ಅದೇ ಸುಟ್ಟ ಕಪ್ಲರನ್ನು ಸಿಕ್ಕಿಸಲಾಗಿತ್ತು.

ಪರಿಹಾರವಾಗಿ ಶಾಖ ತಡೆಯುವ ಸಿರಾಮಿಕ್ ಕಪ್ಲರನ್ನು ಸರಿಯಾದ ದಪ್ಪದ ತಂತಿಯೊಡನೆ ಹಾಕಿ, ಸಂಧಿಗಳನ್ನು ಕ್ರಿಂಪ್ ಮಾಡಿ ಮುಚ್ಚಲಾಯಿತು. ಕೂಲಿಯೂ ಸೇರಿ ವೆಚ್ಚ ಐದು ನೂರು ರೂಪಾಯಿಗಳನ್ನು ಮೀರಲಿಲ್ಲ. ಬರಿಗೈಯಲ್ಲಿ ತಂತಿ ತಿರುಚಿ ಇನ್ಸುಲೇಶನ್ ಟೇಪ್ ಸುತ್ತುವುದು ಉಪ್ಪುಗಾಳಿಯ ಊರಿನಲ್ಲಿ ಒಂದು ಮಳೆಗಾಲವೂ ಬಾಳುವುದಿಲ್ಲ. ದೋಷ ಕಪ್ಲರಿನಲ್ಲಿರದೆ ದೇಹಕ್ಕೆ ಬಿಗಿದ ಅರ್ತ್ ಬೋಲ್ಟಿನಲ್ಲಿದ್ದರೆ, ಅದನ್ನು ಬಿಚ್ಚಿ, ತುಕ್ಕನ್ನೂ ಬಣ್ಣವನ್ನೂ ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ, ಆನಂತರ ಮೇಲೆ ವ್ಯಾಸಲೀನ್ ಸವರಬೇಕು.

ಎರಡು ವೋಲ್ಟ್ ಅಷ್ಟೇ ತಾನೆ ಎಂದು ಕೇಳುವವರಿಗೆ ಒಂದು ಲೆಕ್ಕ. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿಗೆ ಸಮಪ್ರಮಾಣದಲ್ಲಿ ಇಳಿಯುವುದಿಲ್ಲ. ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. ವೋಲ್ಟೇಜ್ ಶೇಕಡ 5 ಇಳಿದರೆ ಬೆಳಕು ಸುಮಾರು ಶೇಕಡ 16, ಶೇಕಡ 10 ಇಳಿದರೆ ಸುಮಾರು ಶೇಕಡ 30 ಕುಗ್ಗುತ್ತದೆ. 13.6ರ ಬದಲು 11.2 ವೋಲ್ಟ್ ದೊರೆತ ಆ ಬಲದೀಪ ತನ್ನ ಬೆಳಕಿನ ಸುಮಾರು ಅರ್ಧವನ್ನು ಮಾತ್ರ ಕೊಡುತ್ತಿತ್ತು. ‘ಉರಿಯುತ್ತಿದೆ’ ಎಂದು ಬಿಟ್ಟ ರಾತ್ರಿಗಳಲ್ಲಿಯೂ ಚಾಲಕ ಅರ್ಧ ಬೆಳಕಿನಲ್ಲಿ ಘಾಟಿ ಹತ್ತುತ್ತಿದ್ದನು.

ರಿಲೇ, ಸ್ವಿಚ್ಚು ಮತ್ತು ನಿಜವಾಗಿಯೂ ಸುಡುವ ಬಲ್ಬುಗಳು

ರಿಲೇಯ ಪರೀಕ್ಷೆ ಸುಲಭ. ಫ್ಯೂಸ್ ಪೆಟ್ಟಿಗೆಯಲ್ಲಿ ಅದೇ ನಮೂನೆಯ ಇನ್ನೊಂದು ರಿಲೇ, ಬಹುಶಃ ಹಾರ್ನಿನದು, ಇರುತ್ತದೆ. ಎರಡನ್ನೂ ಅದಲುಬದಲು ಮಾಡಿ ನೋಡಿದರೆ ಸಾಕು. ಸ್ಟಿಯರಿಂಗ್ ಬಳಿಯ ಸ್ವಿಚ್ಚನ್ನು ಅಲ್ಲಾಡಿಸಿದಾಗ ದೀಪ ಮಿನುಗಿದರೆ ಅದರೊಳಗಿನ ಸಂಪರ್ಕ ಸವೆದಿದೆ. ಇದು ಅನುಭವಿಯ ಕೆಲಸ.

ಬಲ್ಬುಗಳು ಮೇಲಿಂದ ಮೇಲೆ ನಿಜವಾಗಿಯೂ ಸುಡುತ್ತಿದ್ದರೆ ಎಂಜಿನನ್ನು ತುಸು ವೇಗವಾಗಿ ಓಡಿಸಿ ಬ್ಯಾಟರಿಯ ವೋಲ್ಟೇಜನ್ನು ಅಳೆಯಬೇಕು. 13.5ರಿಂದ 14.5ರ ಆಸುಪಾಸು ಸರಿ. 15ನ್ನು ದಾಟಿದರೆ ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟಿದೆ. ವೋಲ್ಟೇಜ್ ಶೇಕಡ 5 ಏರಿದರೆ ಬಲ್ಬಿನ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಬ್ಯಾಟರಿಯೂ ಹಾಳಾಗುತ್ತದೆ.

ಹೆಚ್ಚು ಬೆಳಕಿನ ಆಸೆಗೆ 100/90 ವ್ಯಾಟಿನ ಬಲ್ಬು ಹಾಕಿಸಿಕೊಳ್ಳುವವರ ಸಂಖ್ಯೆ ಕಡಿಮೆಯೇನಿಲ್ಲ. 60 ವ್ಯಾಟಿಗೆ 5 ಆಂಪಿಯರ್ ಹರಿಯುವ ತಂತಿಯಲ್ಲಿ ಆಗ 8.3 ಆಂಪಿಯರ್ ಹರಿಯುತ್ತದೆ. ತಂತಿ ಮತ್ತು ಕಪ್ಲರಿನ ಶಾಖ ಎರಡೂವರೆ ಪಟ್ಟನ್ನು ಮೀರುತ್ತದೆ. ಸುಟ್ಟ ಕಪ್ಲರುಗಳಲ್ಲಿ ಹಲವಕ್ಕೆ ಮೂಲ ಇದೇ. ಹ್ಯಾಲೊಜನ್‌ಗಾಗಿ ರೂಪಿಸಿದ ಪ್ರತಿಫಲಕದೊಳಗೆ ಅಗ್ಗದ ಎಲ್‌ಇಡಿ ಬಲ್ಬು ತೂರಿಸುವುದೂ ಸರಿಯಲ್ಲ. ಬೆಳಕಿನ ಕೇಂದ್ರ ಸ್ಥಾನ ತಪ್ಪಿ ಎದುರಿನವರ ಕಣ್ಣು ಕೋರೈಸುತ್ತದೆ.

ಕಂಪನಿಯಿಂದಲೇ ಎಲ್‌ಇಡಿ ದೀಪ ಪಡೆದು ಬಂದ ಹೊಸ ವಾಹನಗಳಿಗೆ ಮೇಲಿನ ಕ್ರಮದ ಮೊದಲರ್ಧ ಮಾತ್ರ ಅನ್ವಯಿಸುತ್ತದೆ. ಅಲ್ಲಿ ದೀಪವನ್ನು ನಿಯಂತ್ರಿಸುವುದು ಎಲೆಕ್ಟ್ರಾನಿಕ್ ಘಟಕ; ಸ್ಕ್ಯಾನರ್ ಇಲ್ಲದೆ ಕೈಹಾಕಬಾರದು. ಆದರೂ ಅರ್ತ್ ಮತ್ತು ಫ್ಯೂಸನ್ನು ನೋಡಿದಿರಾ ಎಂದು ಕೇಳುವ ಹಕ್ಕು ಮಾಲೀಕರಿಗಿದೆ, ಏಕೆಂದರೆ ಅಲ್ಲಿ ಪೂರ್ಣ ಸೆಟ್ಟಿನ ಬೆಲೆ ಹಲವು ಸಾವಿರಗಳಲ್ಲಿರುತ್ತದೆ. ಎಚ್‌ಐಡಿ ಎಂಬ ಕ್ಸೆನಾನ್ ದೀಪಗಳು ಹೊತ್ತಿಕೊಳ್ಳುವ ಕ್ಷಣದಲ್ಲಿ ಸಾವಿರಾರು ವೋಲ್ಟ್ ಉತ್ಪತ್ತಿಯಾಗುವುದರಿಂದ ಅವುಗಳನ್ನು ಮುಟ್ಟಲೇಬಾರದು.

ಬಿಲ್ಲಿನಲ್ಲಿ ಏನಿರಬೇಕು

‘ಎಲೆಕ್ಟ್ರಿಕಲ್ ಕೆಲಸ’ ಎಂಬ ಎರಡು ಪದಗಳ ಬಿಲ್ಲನ್ನು ಅಂಗೀಕರಿಸಬಾರದು. ವಾಹನದ ಸಂಖ್ಯೆ, ಯಾವ ಬದಿ, ಯಾವ ಬೀಮ್, ಕಂಡುಬಂದ ದೋಷ, ದುರಸ್ತಿಗೆ ಮುನ್ನ ಮತ್ತು ನಂತರ ಅಳೆದ ವೋಲ್ಟೇಜ್ ಇಷ್ಟನ್ನು ಬರೆಸಿ, ತೆಗೆದ ಭಾಗವನ್ನು ಬಿಲ್ಲಿನೊಡನೆ ಕಚೇರಿಗೆ ತರಿಸಬೇಕು. ವಾಹನವಾರು ಒಂದು ಪುಟದ ದಾಖಲೆ ಇಟ್ಟರೆ ಪುನರಾವರ್ತನೆ ಎರಡನೆಯ ಸಲಕ್ಕೇ ಕಣ್ಣಿಗೆ ಬೀಳುತ್ತದೆ. ವರ್ಷಾಂತ್ಯದ ಪರಿಶೋಧನೆಯವರೆಗೆ ಕಾಯಬೇಕಿಲ್ಲ.

ತೆರಿಗೆಯ ದೃಷ್ಟಿಯಿಂದ ಬಲ್ಬಾಗಲಿ ಪೂರ್ಣ ಸೆಟ್ಟಾಗಲಿ ವಾಹನವನ್ನು ಮೊದಲಿನ ಸ್ಥಿತಿಗೆ ತರುವ ಚಾಲ್ತಿ ದುರಸ್ತಿಯೇ ಆದ್ದರಿಂದ ಅದು ರಾಜಸ್ವ ವೆಚ್ಚ. ಸ್ಥಿರಾಸ್ತಿಗೆ ಸೇರಿಸಿ ಸವಕಳಿ ಹಾಕುವ ಪ್ರಶ್ನೆ ಉದ್ಭವಿಸದು. ಸರಕು ಸಾಗಣೆ ವಾಹನದ ದುರಸ್ತಿಯ ಮೇಲೆ ತೆತ್ತ ಜಿಎಸ್‌ಟಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಬಹುದು. ಆದರೆ ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ದುರಸ್ತಿ ಸೇವೆಗೆ, 2017ರ ಸಿಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಮಿನಂತೆ, ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿಯಂತಹ ವ್ಯವಹಾರದವರನ್ನುಳಿದು ಇತರರಿಗೆ ಆ ಸೌಲಭ್ಯವಿಲ್ಲ. ವ್ಯಾನಿನ ಮತ್ತು ಮಾಲೀಕರ ಕಾರಿನ ಕೆಲಸವನ್ನು ಒಂದೇ ಬಿಲ್ಲಿನಲ್ಲಿ ಬರೆಸುವ ರೂಢಿಯಿದ್ದಲ್ಲಿ ಬೇರೆ ಬೇರೆ ಬಿಲ್ಲು ಪಡೆಯುವುದು ಲೇಸು.

ಚಾಲಕನ ಪೆಟ್ಟಿಗೆಯಲ್ಲಿ

ದುರಸ್ತಿ ಮುಗಿದ ಮೇಲೆ ದೀಪದ ಕೋನವನ್ನು ಗೋಡೆಯ ಮೇಲೆ ನೋಡಬೇಕು. ಸಮತಟ್ಟಾದ ನೆಲದಲ್ಲಿ ಎರಡೂ ಲೋ ಬೀಮ್‌ಗಳ ಮೇಲಂಚು ಒಂದೇ ಎತ್ತರದಲ್ಲಿ, ದೀಪದ ಮಧ್ಯಭಾಗಕ್ಕಿಂತ ತುಸು ಕೆಳಗೆ ಬೀಳಬೇಕು. ಸರಕು ಹೇರಿದಾಗ ವ್ಯಾನಿನ ಹಿಂಭಾಗ ತಗ್ಗಿ ಮುಂದಿನ ಬೆಳಕು ಮೇಲೇರುವುದರಿಂದ ಈ ಪರೀಕ್ಷೆಯನ್ನು ಹೊರೆಯೊಡನೆಯೂ ಒಮ್ಮೆ ಮಾಡುವುದು ಒಳ್ಳೆಯದು.

ರಾತ್ರಿ ಓಡುವ ಪ್ರತಿ ವಾಹನದಲ್ಲಿ ಅದೇ ನಮೂನೆಯ ಒಂದು ಬಲ್ಬು, ಎರಡು ಬಣ್ಣದ ಫ್ಯೂಸ್‌ಗಳು, ಒಂದು ಟಾರ್ಚು ಮತ್ತು ಶುಭ್ರವಾದ ಬಟ್ಟೆಯ ತುಂಡು ಇರಲಿ. ಹ್ಯಾಲೊಜನ್ ಬಲ್ಬನ್ನು ಲೋಹದ ಬುಡದಲ್ಲಿ ಹಿಡಿಯಬೇಕೇ ಹೊರತು ಗಾಜನ್ನು ಮುಟ್ಟಬಾರದು. ಬೆರಳಿನ ಜಿಡ್ಡು ತಗಲಿದ ಜಾಗ ಅತಿಯಾಗಿ ಕಾದು ಗಾಜು ಬಿರಿಯುತ್ತದೆ. ಬದಲಿ ಬಲ್ಬು ಇಲ್ಲದ ಹೊತ್ತಿನಲ್ಲಿ ಬಲಗಡೆಯ ಬಲ್ಬು ಸುಟ್ಟರೆ, ಎರಡೂ ಬದಿಗೆ ಒಂದೇ ನಮೂನೆ ಇರುವ ವಾಹನಗಳಲ್ಲಿ, ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಎಡಗಡೆಯ ಬಲ್ಬನ್ನು ಬಲಗಡೆಗೆ ಹಾಕಿಕೊಂಡು, ಪಾರ್ಕಿಂಗ್ ದೀಪಗಳನ್ನೂ ಉರಿಸಿ, ನಿಧಾನವಾಗಿ ಹತ್ತಿರದ ಊರಿನವರೆಗೆ ಮಾತ್ರ ಹೋಗುವಂತೆ ಚಾಲಕನಿಗೆ ತಿಳಿಸಿರಬೇಕು.